ಶಾಲು ಹೊದಿಸುವ ಮೊದಲು

ಪ್ರಶ್ನೆ: ನನ್ನ ತಮ್ಮನಿಗೆ 36 ವರ್ಷ. ಡೌನ್ ಸಿಂಡ್ರೋಮ್, ಅಂದರೆ ಹುಟ್ಟಿನಿಂದಲೇ ಬರುವ ಬೌದ್ಧಿಕ ಅಂಗವೈಕಲ್ಯ ಇದೆ. ತಂದೆ ತೀರಿಕೊಂಡಿದ್ದಾರೆ, ತಾಯಿಗೆ 71. ಅವರಿಬ್ಬರೂ ಹಾಸನದಲ್ಲಿದ್ದಾರೆ, ನಾನು ಕೆಲಸದ ಮೇಲೆ ಪುಣೆಯಲ್ಲಿದ್ದೇನೆ. ಹತ್ತು ವರ್ಷಗಳಿಂದ ಒಬ್ಬಾಕೆ ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆ ಆರರವರೆಗೆ ತಮ್ಮನನ್ನು ನೋಡಿಕೊಳ್ಳುತ್ತಾಳೆ. ಭಾನುವಾರವೂ ಅರ್ಧ ದಿನ ಬರುತ್ತಾಳೆ. ಅವಳಿಗೆ 44 ವರ್ಷ, ತಿಂಗಳಿಗೆ 12,000 ರೂಪಾಯಿ ಕೊಡುತ್ತೇವೆ. ನಿಜ ಹೇಳಬೇಕೆಂದರೆ ಅವಳು ಮನೆಯವಳೇ ಆಗಿಬಿಟ್ಟಿದ್ದಾಳೆ. ಈ ದೀಪಾವಳಿಗೆ ನೆಂಟರೆಲ್ಲ ಸೇರಿದಾಗ ಶಾಲು ಹೊದಿಸಿ, ಒಳ್ಳೆಯದೊಂದು ರೇಷ್ಮೆ ಸೀರೆ ಕೊಟ್ಟು ಸನ್ಮಾನ ಮಾಡಬೇಕೆಂದು ನನಗೆ ಆಸೆ. ಅಮ್ಮ ಮಾತ್ರ ‘ಮನೆಯವಳಿಗೆ ಅದೆಲ್ಲ ಏಕೆ’ ಎನ್ನುತ್ತಾರೆ. ಅಮ್ಮನಿಗೆ ಈಚೆಗೆ ಅವಳ ಮೇಲೆ ಸಣ್ಣ ಅಸಮಾಧಾನವೂ ಇದೆ. ತಮ್ಮನ ಅಂಗಿಯ ಮೇಲಿನ ಗುಂಡಿಗಳನ್ನು ತಾನು ಹಾಕಿ, ಕೆಳಗಿನದನ್ನು ಅವನೇ ಹಾಕಲಿ ಎಂದು ಹತ್ತು ನಿಮಿಷ ಸುಮ್ಮನೆ ಕೂತಿರುತ್ತಾಳೆ, ಸೋಮಾರಿಯಾಗಿದ್ದಾಳೆ ಎನ್ನುತ್ತಾರೆ. ಅವನು ಸ್ನಾನಕ್ಕೆ ಹೋಗಲು ಹೆದರುತ್ತಿದ್ದಾನೆ ಎಂದು ಎರಡು ಸಲ ಹೇಳಿದಳಂತೆ, ಅದೂ ನೆಪವಂತೆ. ಇದರ ನಡುವೆ ಅವಳು ಗಾರ್ಮೆಂಟ್ಸ್‌ಗೆ ಸೇರುವ ಮಾತಾಡುತ್ತಿದ್ದಾಳೆ ಎಂದು ಗೊತ್ತಾಯಿತು. ಇಷ್ಟು ವರ್ಷ ನಮ್ಮ ಜೊತೆಗಿದ್ದವರಿಗೆ ಮೆಚ್ಚುಗೆಯನ್ನು ಹೇಗೆ ತಿಳಿಸಿದರೆ ಸರಿ?

ಉತ್ತರ: ರೇಷ್ಮೆ ಸೀರೆ ಕೊಡಿ, ಬೇಡ ಎನ್ನುವುದಿಲ್ಲ. ಆದರೆ ಅದು ಕಡೆಯ ಕೆಲಸವಾಗಿರಲಿ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೆಚ್ಚುಗೆ ತಿಳಿಸುವ ಬಗೆ ಕೇಳಿದ್ದೀರಿ. ಆಕೆ ಏನು ಮಾಡುತ್ತಿದ್ದಾರೆ ಎಂಬುದೇ ನಿಮ್ಮ ಮನೆಯಲ್ಲಿ ಇನ್ನೂ ಯಾರಿಗೂ ಪೂರ್ತಿ ತಿಳಿದಂತಿಲ್ಲ. ಅಮ್ಮ ದೂರು ಎಂದು ಹೇಳಿದ ಎರಡು ಸಂಗತಿಗಳಿವೆಯಲ್ಲ, ನನ್ನ ಕಣ್ಣಿಗೆ ಅವೇ ಆಕೆಯ ಕೆಲಸದ ಅತ್ಯುತ್ತಮ ಭಾಗ. ಅಲ್ಲಿಂದಲೇ ಶುರು ಮಾಡುತ್ತೇನೆ.

ಗುಂಡಿಯ ವಿಷಯ ಮೊದಲು. ವಿಶೇಷ ಶಿಕ್ಷಣದಲ್ಲಿ ಒಂದು ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದು, ಕಡೆಯ ಹಂತದಿಂದ ಹಿಂದಕ್ಕೆ ಕಲಿಸುತ್ತಾ ಬರುವ ಕ್ರಮವಿದೆ. ಅಂಗಿಯಾದರೆ ತೋಳು ತೂರಿಸುವುದು, ಕಾಲರ್ ಸರಿಮಾಡುವುದು, ಮೇಲಿನ ಗುಂಡಿಗಳು ಎಲ್ಲವನ್ನೂ ಕಲಿಸುವವರು ಮಾಡಿ, ಕಟ್ಟಕಡೆಯ ಗುಂಡಿಯನ್ನು ಮಾತ್ರ ಕಲಿಯುವವನಿಗೆ ಬಿಡುತ್ತಾರೆ. ಅದನ್ನು ಅವನು ಹಾಕಿದ ಗಳಿಗೆಗೆ ಅಂಗಿ ತೊಟ್ಟಾಯಿತು, ತೊಟ್ಟು ಮುಗಿಸಿದವನು ಅವನೇ. ಅದು ಕೈಗೆ ಹತ್ತಿದ ಮೇಲೆ ಕಡೆಯ ಎರಡು, ಆಮೇಲೆ ಮೂರು. ಮೊದಲ ಗುಂಡಿಯಿಂದ ಕಲಿಸಲು ಹೊರಟರೆ ಅರ್ಧದಲ್ಲೇ ಅವನು ಸೋತು ಕೈಬಿಡುತ್ತಾನೆ, ಉಳಿದದ್ದನ್ನು ನಾವು ಹಾಕುತ್ತೇವೆ, ಪ್ರತಿದಿನವೂ ಅವನ ಪಾಲಿಗೆ ಉಳಿಯುವುದು ಸೋಲು. ಈ ಕ್ರಮವನ್ನು ನಾವು ತರಗತಿಯಲ್ಲಿ ಕೂತು, ಪರೀಕ್ಷೆ ಬರೆದು ಕಲಿತೆವು. ನಿಮ್ಮ ಮನೆಯಾಕೆ ನಿಮ್ಮ ತಮ್ಮನ ಬೆರಳುಗಳನ್ನು ನೋಡಿ ಕಲಿತಿದ್ದಾರೆ.

ಡೌನ್ ಸಿಂಡ್ರೋಮ್ ಇರುವವರ ಸ್ನಾಯುಗಳಲ್ಲಿ ಬಿಗಿ ಕಡಿಮೆ, ಬೆರಳುಗಳು ಗಿಡ್ಡ. ಗುಂಡಿ ಕಾಜದ ಅಂಚಿಗೆ ಬರುತ್ತದೆ, ಅರ್ಧ ತೂರುತ್ತದೆ, ಜಾರುತ್ತದೆ. ಮತ್ತೆ ಬರುತ್ತದೆ, ಮತ್ತೆ ಜಾರುತ್ತದೆ. ಎದುರಿಗೆ ಕೂತವರ ಕೈ ತಾನಾಗಿ ಮುಂದೆ ಹೋಗಿಬಿಡುತ್ತದೆ. ಅದನ್ನು ತಡೆದು ತೊಡೆಯ ಮೇಲೆ ಇಟ್ಟುಕೊಂಡು, ಮುಖದಲ್ಲಿ ಅವಸರ ತೋರಿಸದೆ ಹತ್ತು ನಿಮಿಷ ಕೂರುವುದು ಎಷ್ಟು ಕಷ್ಟವೆಂದು ತಿಳಿಯಬೇಕಾದರೆ ಈ ಸಲ ಊರಿಗೆ ಹೋದಾಗ ನೀವೇ ಕೂತು ನೋಡಿ. ಮೂರನೆಯ ನಿಮಿಷಕ್ಕೆ ‘ಕೊಡೋ ಇಲ್ಲಿ’ ಎಂದು ಪಟಪಟನೆ ಹಾಕಿಬಿಡುತ್ತೀರಿ. ಹಬ್ಬಕ್ಕೆ ಬಂದ ನೆಂಟರು ಪ್ರೀತಿಯಿಂದ ಮಾಡುವುದೇ ಇದನ್ನು. ನೆಂಟರು ಹೋದ ಮೇಲೆ ಅವನು ಅಂಗಿ ತೊಟ್ಟು ಎದೆ ಚಾಚಿ ನಿಲ್ಲುತ್ತಾನೆ, ಯಾರಾದರೂ ಹಾಕಲಿ ಎಂದು. ಆಕೆ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಎರಡನೆಯದು ಸ್ನಾನ. ಇದನ್ನು ನೆಪವೆಂದು ತಳ್ಳಿಹಾಕಬೇಡಿ. ಅಮ್ಮನಿಗೂ ಅದನ್ನು ಮೆಲ್ಲಗೆ ಹೇಳಿ. ಮೂವತ್ತು ದಾಟಿದ ಡೌನ್ ಸಿಂಡ್ರೋಮ್ ಇರುವ ವ್ಯಕ್ತಿ ಹತ್ತು ವರ್ಷ ಮಾಡುತ್ತಾ ಬಂದದ್ದಕ್ಕೆ ಇದ್ದಕ್ಕಿದ್ದಂತೆ ಹೆದರತೊಡಗಿದರೆ ಅದಕ್ಕೆ ಕಾರಣವಿರುತ್ತದೆ, ಮಾತಿನಲ್ಲಿ ಹೇಳಲು ಅವನಿಗೆ ಬರುವುದಿಲ್ಲ, ಅಷ್ಟೆ. ಇವರಲ್ಲಿ ಕಣ್ಣಿನ ಪೊರೆ ಉಳಿದವರಿಗಿಂತ ಬೇಗ ಬರುತ್ತದೆ. ಪೊರೆ ಬಂದ ಕಣ್ಣಿಗೆ ನೀರು ಚೆಲ್ಲಿದ ಬಿಳಿ ಟೈಲ್ಸ್ ಎಲ್ಲಿ ಮುಗಿಯುತ್ತದೆ, ಮೆಟ್ಟಿಲು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುವುದಿಲ್ಲ. ಥೈರಾಯ್ಡ್ ಕೊರತೆ ಇವರಲ್ಲಿ ಬಹಳ ಸಾಮಾನ್ಯ. ಅದಾದರೆ ಚಳಿ ತಡೆಯುವುದಿಲ್ಲ, ಮೈ ಭಾರ, ಯಾವುದಕ್ಕೂ ಮನಸ್ಸಿಲ್ಲ. ಕಿವಿ ಮಂದವಾಗಿರಬಹುದು. ಒಮ್ಮೆ ಜಾರಿ ಬಿದ್ದಿರಬಹುದು, ಬಿಸಿನೀರು ಸುಟ್ಟಿರಬಹುದು, ಯಾರಾದರೂ ಒರಟಾಗಿ ನಡೆದುಕೊಂಡಿರಬಹುದು. ಇನ್ನೊಂದು ವಿಷಯವನ್ನೂ ಮುಚ್ಚಿಡದೆ ಹೇಳಬೇಕು: ಡೌನ್ ಸಿಂಡ್ರೋಮ್ ಇರುವವರಲ್ಲಿ ಮರೆಗುಳಿತನದ ಕಾಯಿಲೆ ನಲವತ್ತರ ಆಸುಪಾಸಿನಲ್ಲೇ ಶುರುವಾಗಬಹುದು. ಮರೆವಿಗಿಂತ ಮೊದಲು ಹೊಸ ಹೆದರಿಕೆ, ಸಿಡುಕು, ನಡಿಗೆಯಲ್ಲಿ ಅನುಮಾನ ಕಾಣಿಸಿಕೊಳ್ಳುವುದುಂಟು. ಅಷ್ಟರಿಂದ ಅದೇ ಎಂದು ತೀರ್ಮಾನಿಸಿ ಕಂಗಾಲಾಗಬೇಡಿ. ಥೈರಾಯ್ಡ್ ಮತ್ತು ಪೊರೆ ಎರಡೂ ಸರಿಹೋಗುವಂಥವು, ಅವನ್ನು ಮೊದಲು ನೋಡಿಸಬೇಕು. ನಡಿಗೆಯೇ ಬದಲಾಗಿದ್ದರೆ, ಮೂತ್ರ ಹಿಡಿತ ತಪ್ಪುತ್ತಿದ್ದರೆ, ಕತ್ತು ನೋವಿದ್ದರೆ ಮಾತ್ರ ಒಂದು ದಿನವೂ ಕಾಯಬೇಡಿ. ಇವರ ಕತ್ತಿನ ಮೇಲ್ಭಾಗದ ಮೂಳೆಗಳು ಸಡಿಲವಾಗಿ ನರವನ್ನು ಒತ್ತುವ ಸಂಭವವಿರುತ್ತದೆ.

ಈ ಸುಳಿವನ್ನು ಎರಡು ಸಲ ಹೇಳಿದವರು ಆಕೆ. ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಹತ್ತು ವರ್ಷ ಒಬ್ಬ ಮನುಷ್ಯನ ಮುಖ, ಮಲ, ನಿದ್ದೆ, ಊಟ ಎಲ್ಲವನ್ನೂ ಗಮನಿಸಿದವರಿಗೆ ಒಂದು ವಿಷಯ ಗೊತ್ತಾಗಿ, ಅದನ್ನು ಹೇಳಿದರೆ ‘ನೆಪ’ ಎನ್ನಿಸಿಕೊಂಡರೆ ಹೇಗಿರುತ್ತದೆ? ಆಕೆ ಗಾರ್ಮೆಂಟ್ಸ್ ಮಾತೆತ್ತಿದ್ದು ಸಂಬಳಕ್ಕೆ ಮಾತ್ರ ಎಂದು ನನಗೆ ಅನ್ನಿಸುವುದಿಲ್ಲ.

ಹಾಗೆಂದು ಸಂಬಳದ ಮಾತನ್ನು ಬಿಟ್ಟು ಮುಂದೆ ಹೋಗುವ ಹಾಗೂ ಇಲ್ಲ.

ಇಲ್ಲಿ ನನ್ನದೇ ಒಂದು ಹಳೆಯ ತಪ್ಪನ್ನು ಹೇಳಿಕೊಳ್ಳಬೇಕು. ನಾನು ಕೆಲಸ ಕಲಿತದ್ದು ಬೌದ್ಧಿಕ ಅಂಗವೈಕಲ್ಯವಿರುವ ವಯಸ್ಕರ ವಸತಿ ಕೇಂದ್ರವೊಂದರಲ್ಲಿ. ಒಂದು ವರ್ಷ ಡಿಸೆಂಬರ್ 3ರ ಅಂಗವಿಕಲರ ದಿನಾಚರಣೆಗೆ ರಾತ್ರಿ ಪಾಳಿಯ ಆರೈಕೆದಾರರನ್ನು ಸನ್ಮಾನಿಸಬೇಕೆಂದು ಸೂಚಿಸಿ, ಎಲ್ಲ ಓಡಾಟ ನಾನೇ ಮಾಡಿದೆ. ಮೈಸೂರು ಪೇಟ, ಶಾಲು, ಗಂಧದ ಹಾರ, ಬಣ್ಣದ ಕಾಗದ ಸುತ್ತಿದ ಹಣ್ಣಿನ ಬುಟ್ಟಿ. ಮುಖ್ಯ ಅತಿಥಿಗಳು ಅವರನ್ನು ‘ಮಾತೃಸ್ವರೂಪಿಣಿಯರು’ ಎಂದು ಕರೆದು ಕಣ್ಣು ಒರೆಸಿಕೊಂಡರು. ಆಗ ಅವರಿಗೆಲ್ಲ ಮೂರು ತಿಂಗಳ ರಾತ್ರಿ ಭತ್ಯೆ ಬಾಕಿಯಿತ್ತು. ನನಗೂ ಅದು ಗೊತ್ತಿತ್ತು. ವೇದಿಕೆಯಿಂದ ಇಳಿದ ಒಬ್ಬಾಕೆ ಬುಟ್ಟಿಯನ್ನು ನನ್ನ ಕೈಗಿಟ್ಟು, ‘ಇದನ್ನು ನೀವೇ ಇಟ್ಟುಕೊಳ್ಳಿ, ಬಸ್ ಚಾರ್ಜಿಗೆ ಮೂವತ್ತು ರೂಪಾಯಿ ಇದ್ದರೆ ಕೊಡಿ’ ಎಂದರು. ದನಿಯಲ್ಲಿ ಕೋಪವಿರಲಿಲ್ಲ, ನಿಜವಾಗಿ ಬೇಕಾಗಿತ್ತು. ಸಂಕ್ರಾಂತಿಯ ಹೊತ್ತಿಗೆ ಇಬ್ಬರು ಬಿಟ್ಟುಹೋದರು. ಅಂದಿನಿಂದ ಸನ್ಮಾನದ ಆಹ್ವಾನ ಪತ್ರಿಕೆ ಕಂಡರೆ ನನಗೆ ಮೊದಲು ಸಂಬಳದ ಪುಸ್ತಕ ನೋಡಬೇಕೆನ್ನಿಸುತ್ತದೆ.

ನಿಮ್ಮ ಲೆಕ್ಕವನ್ನೇ ತೆಗೆದುಕೊಳ್ಳಿ. ದಿನಕ್ಕೆ ಹತ್ತು ಗಂಟೆ, ಆರು ದಿನ, ಜೊತೆಗೆ ಭಾನುವಾರದ ಅರ್ಧ ದಿನ. ವಾರಕ್ಕೆ ಸುಮಾರು 65 ಗಂಟೆ. ಕಾರ್ಖಾನೆಯಲ್ಲಿ ದುಡಿಯುವವರಿಗೆ ಕಾನೂನು ಹಾಕಿರುವ ಮಿತಿ 48 ಗಂಟೆ. ಅದಕ್ಕಿಂತ ಹೆಚ್ಚು ದುಡಿಸಿದರೆ ಇಮ್ಮಡಿ ದರ ಕೊಡಬೇಕು. ನಿಮ್ಮ 12,000ವನ್ನು ಗಂಟೆಗಳಿಗೆ ಹಂಚಿ ನೋಡಿದರೆ ಗಂಟೆಗೆ 43 ರೂಪಾಯಿ ಸಹ ಬೀಳುವುದಿಲ್ಲ. ಗಾರ್ಮೆಂಟ್ಸ್‌ನಲ್ಲಿ ಭವಿಷ್ಯ ನಿಧಿ (ಪಿಎಫ್) ಇದೆ, ಕಾರ್ಮಿಕರ ಆರೋಗ್ಯ ವಿಮೆ (ಇಎಸ್‌ಐ) ಇದೆ, ಭಾನುವಾರ ರಜೆ ಇದೆ, ಸಂಜೆ ಗಂಟೆ ಹೊಡೆದ ಮೇಲೆ ಮಿಷನ್ ಯಾರನ್ನೂ ಕರೆಯುವುದಿಲ್ಲ. ಅಲ್ಲಿಯ ಕಷ್ಟಗಳು ಅಲ್ಲಿಯವು, ಅದು ಬೇರೆ ಮಾತು. ಆದರೆ 44ನೇ ವಯಸ್ಸಿನಲ್ಲಿ ಮುಂದಿನದನ್ನು ಯೋಚಿಸುವ ಹೆಂಗಸಿಗೆ ಅದು ಆಕರ್ಷಕವಾಗಿ ಕಂಡರೆ ಕೃತಘ್ನತೆ ಎನ್ನಲಾಗದು.

ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡುವುದರಲ್ಲಿ ಕರ್ನಾಟಕ ಮುಂದಾದ ರಾಜ್ಯ, 2004ರಲ್ಲೇ ಆದೇಶ ಹೊರಟಿತು. ತುಟ್ಟಿಭತ್ಯೆ ಸೇರಿ ಪ್ರತಿ ಏಪ್ರಿಲ್‌ನಲ್ಲಿ ದರ ಬದಲಾಗುತ್ತದೆ, ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿದರೆ ಈ ವರ್ಷದ್ದು ಸಿಗುತ್ತದೆ. ಅದು ಇದಕ್ಕಿಂತ ಕಡಿಮೆ ಕೊಡಕೂಡದು ಎಂಬ ಲೆಕ್ಕ ಮಾತ್ರ ಎಂಬುದನ್ನು ನೆನಪಿಡಿ. ವಯಸ್ಕ ಗಂಡಸಿನ ಸ್ನಾನ, ಶೇವಿಂಗ್, ಶೌಚ, ಔಷಧ, ಸಿಟ್ಟು, ಭಯ ಎಲ್ಲವನ್ನೂ ಮರ್ಯಾದೆ ಕೆಡದಂತೆ ನಿಭಾಯಿಸುವ ಕೆಲಸಕ್ಕೆ ಬೆಂಗಳೂರಿನ ಏಜೆನ್ಸಿಗಳು ಎಷ್ಟು ಕೇಳುತ್ತವೆ ಎಂದು ಒಂದು ಫೋನ್ ಮಾಡಿ ತಿಳಿದುಕೊಳ್ಳಿ. ಆಮೇಲೆ ಅಮ್ಮನ ಜೊತೆ ಕೂತು ಮಾತಾಡಿ.

ಹತ್ತು ವರ್ಷ ತುಂಬಿದ್ದಕ್ಕೆ ಉಡುಗೊರೆ ಎಂದಿರಲ್ಲ, ಒಂದು ಸಲಹೆ ಇದೆ. ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಕೊಡುವ ಇಡುಗಂಟು, ಗ್ರಾಚ್ಯುಟಿಯ ಲೆಕ್ಕ ನಿಮಗೆ ಗೊತ್ತೇ ಇರುತ್ತದೆ: ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸುವುದು. ಮನೆಯಲ್ಲಿ ಕೆಲಸ ಮಾಡುವವರಿಗೆ ಅದನ್ನು ಕೊಡಬೇಕೆಂದು ಕಾನೂನೇನೂ ನಿಮ್ಮನ್ನು ಕಟ್ಟಿಹಾಕಿಲ್ಲ. ಆದರೂ ಅಳತೆಗೋಲಾಗಿ ಹಿಡಿದು ನೋಡಿದರೆ ಆಕೆಯದು 69,230 ರೂಪಾಯಿ ಆಗುತ್ತದೆ. ರೇಷ್ಮೆ ಸೀರೆ ಮತ್ತು ಸನ್ಮಾನದ ಊಟಕ್ಕೆ ನೀವು ಎತ್ತಿಟ್ಟ ಹಣಕ್ಕೆ ಇನ್ನಷ್ಟು ಸೇರಿಸಿ ಇದನ್ನು ಆಕೆಯ ಹೆಸರಿನ ಖಾತೆಗೆ ಹಾಕಿ. ಆಕೆಯ ಹೆಸರಿನ ಖಾತೆ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದು ನಿಮಗೇ ಗೊತ್ತು.

ಅಟಲ್ ಪಿಂಚಣಿಯಂಥ ಯೋಜನೆಗಳಿಗೆ ನಲವತ್ತರೊಳಗೆ ಸೇರಬೇಕಿತ್ತು. ಕೆಲಸಕ್ಕೆ ಸೇರಿದಾಗ ಆಕೆಗೆ 34. ಆಗ ಯಾರೂ ಹೇಳಲಿಲ್ಲ, ಈಗ ಆ ಬಾಗಿಲು ಮುಚ್ಚಿದೆ. ಉಳಿದದ್ದನ್ನಾದರೂ ಮಾಡಬಹುದು. ಅಂಚೆ ಕಚೇರಿಯಲ್ಲಿ ದೀರ್ಘಕಾಲದ ಉಳಿತಾಯದ ಪಿಪಿಎಫ್ ಖಾತೆ ತೆರೆಸಿ, ತಿಂಗಳಿಗಿಷ್ಟು ಎಂದು ನೀವು ಹಾಕುತ್ತಾ ಬನ್ನಿ, ಹದಿನೈದು ವರ್ಷಕ್ಕೆ ಅಂದರೆ ಆಕೆಗೆ ಅರವತ್ತು ಸಮೀಪಿಸುವಾಗ ಕೈಗೆ ಬರುತ್ತದೆ. ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ, 436 ರೂಪಾಯಿಯ ಜೀವನ್ ಜ್ಯೋತಿ ಬಿಮಾ ಎರಡೂ ಬ್ಯಾಂಕಿನಲ್ಲೇ ಆಗುತ್ತವೆ. ತಲಾ ಎರಡು ಲಕ್ಷದ ರಕ್ಷಣೆ, ಮೊದಲನೆಯದು ಅಪಘಾತಕ್ಕೆ ಮಾತ್ರ. ಜೀವನ್ ಜ್ಯೋತಿಗೆ ಐವತ್ತರೊಳಗೆ ಸೇರಬೇಕು. ಅಸಂಘಟಿತ ಕಾರ್ಮಿಕರ ನೋಂದಣಿಯ ಇ-ಶ್ರಮ್ ಕಾರ್ಡ್ ಮಾಡಿಸಿದ್ದಾರೆಯೇ ಕೇಳಿ. ಇಷ್ಟನ್ನೂ ಪುಣೆಯಿಂದ ಫೋನಿನಲ್ಲಿ ಹೇಳಿದರೆ ಆಗುವುದಿಲ್ಲ. ಆಕೆಯನ್ನು ಕರೆದುಕೊಂಡು ಬ್ಯಾಂಕಿಗೂ ಅಂಚೆ ಕಚೇರಿಗೂ ನೀವೇ ಹೋಗಬೇಕು, ಅರ್ಧ ದಿನ ಸಾಲಿನಲ್ಲಿ ನಿಲ್ಲಬೇಕು.

ನಿಮ್ಮ ತಮ್ಮನ ಕಡೆಯಿಂದ ಬರಬೇಕಾದ ಸೌಲಭ್ಯಗಳನ್ನು ಪೂರ್ತಿ ಪಡೆದರೆ ಈ ಖರ್ಚಿನ ಭಾರ ಸ್ವಲ್ಪ ಇಳಿದೀತು. ಬೌದ್ಧಿಕ ಅಂಗವೈಕಲ್ಯವಿರುವವರಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆ ಇದೆ, ವರ್ಷಕ್ಕೆ ಒಂದು ಲಕ್ಷದವರೆಗೆ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್, ಮಾಸಾಶನ ಇವು ಇಲ್ಲದಿದ್ದರೆ ಜಿಲ್ಲಾ ಅಂಗವಿಕಲರ ಕಲ್ಯಾಣ ಕಚೇರಿಗೆ ಹೋಗಿ. ಹೆಚ್ಚಿನ ಬೆಂಬಲದ ಅಗತ್ಯವಿರುವವರಿಗೆ ಆರೈಕೆದಾರರ ಭತ್ಯೆ ಕೊಡುವ ಮಾತು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದೆ, ಅದನ್ನೂ ಅಲ್ಲೇ ವಿಚಾರಿಸಿ.

ಇನ್ನು ‘ಮನೆಯವಳೇ ಆಗಿಬಿಟ್ಟಿದ್ದಾಳೆ’ ಎಂಬ ಮಾತು. ನನ್ನ ಈ ಕೆಲಸದ ಇಪ್ಪತ್ತೈದು ವರ್ಷಗಳಲ್ಲಿ ಇದನ್ನು ಕೇಳದ ಮನೆಯಿಲ್ಲ, ಬಹುಪಾಲು ಜನ ನಿಜವಾದ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಮನೆಯವರು ರಜೆ ಕೇಳುವುದಿಲ್ಲ, ಸಂಬಳ ಹೆಚ್ಚಿಸಿ ಎನ್ನುವುದಿಲ್ಲ, ಆರು ಗಂಟೆಯಾಯಿತೆಂದು ಎದ್ದು ಹೋಗುವುದಿಲ್ಲ. ಮನೆಯವಳು ಎಂದು ಕರೆದ ದಿನದಿಂದ ಇವೆಲ್ಲವನ್ನೂ ಕೇಳಲು ಆಕೆಗೆ ಬಾಯಿ ಬರುವುದಿಲ್ಲ. ಹಾಗಾದರೆ ಮನೆಯವರಿಗೆ ಸಿಗುವುದು ಆಕೆಗೆ ಸಿಗುತ್ತಿದೆಯೇ? ಕೇಳಿದ್ದಕ್ಕೆ ಬೇಸರಿಸಬೇಡಿ, ಅಡುಗೆಮನೆಯಲ್ಲಿ ಆಕೆಯ ಕಾಫಿ ಲೋಟ ಬೇರೆ ಇದೆಯೇ? ಹಬ್ಬದ ದಿನ ಆಕೆ ಊಟಕ್ಕೆ ಕೂರುವುದು ಎಲ್ಲಿ, ಎಷ್ಟು ಹೊತ್ತಿಗೆ? ಇನ್ನೊಂದು. ನಿಮ್ಮ ಪತ್ರದುದ್ದಕ್ಕೂ ‘ಬರುತ್ತಾಳೆ’, ‘ಹೇಳಿದಳು’ ಎಂದಿದ್ದು, ಮೆಚ್ಚುಗೆಯ ಮಾತು ಬಂದ ಕಡೆಯ ಸಾಲಿನಲ್ಲಿ ಮಾತ್ರ ‘ಜೊತೆಗಿದ್ದವರಿಗೆ’ ಎಂದು ಬಹುವಚನ ಬಂದಿದೆ. ಬರೆಯುವಾಗ ನಿಮಗೇ ತಿಳಿದಿರಲಿಕ್ಕಿಲ್ಲ. ಪ್ರೀತಿಯಲ್ಲಿ ಏಕವಚನ ತಪ್ಪಲ್ಲ, ನಮ್ಮ ಕಡೆ ತಾಯಿಯನ್ನೂ ಏಕವಚನದಲ್ಲೇ ಕರೆಯುತ್ತೇವೆ. ಆದರೆ ಆಕೆಯೂ ನಿಮ್ಮನ್ನು ಹಾಗೆ ಕರೆಯಬಹುದಾದರೆ ಮಾತ್ರ ಅದು ಪ್ರೀತಿಯ ಏಕವಚನ.

ನನ್ನನ್ನು ಕೇಳಿದರೆ, ಮೆಚ್ಚುಗೆಯ ಮೊದಲ ಕೆಲಸ ಆಕೆಗೆ ಒಂದು ಕುರ್ಚಿ ಕೊಡುವುದು. ಒಗಟಾಡುತ್ತಿಲ್ಲ. ನಮ್ಮ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ನಾನು ನೂರಾರು ಸಲ ನೋಡಿದ ದೃಶ್ಯವಿದು. ವೈದ್ಯರ ಎದುರಿನ ಎರಡು ಕುರ್ಚಿಗಳಲ್ಲಿ ತಾಯಿ ಮತ್ತು ಮಗ ಕೂರುತ್ತಾರೆ. ನೋಡಿಕೊಳ್ಳುವಾಕೆ ಬಾಗಿಲ ಬಳಿ ಚೀಲ, ನೀರಿನ ಬಾಟಲಿ ಹಿಡಿದು ನಿಂತಿರುತ್ತಾರೆ. ‘ರಾತ್ರಿ ನಿದ್ದೆ ಹೇಗೆ? ದಿನಾ ಮಲವಿಸರ್ಜನೆ ಆಗುತ್ತದೆಯೇ? ನೀರು ಕುಡಿಯುವಾಗ ಕೆಮ್ಮು ಬರುತ್ತದೆಯೇ?’ ಎಂದು ವೈದ್ಯರು ಕೇಳುತ್ತಾರೆ. ತಾಯಿ ತಿರುಗಿ ಬಾಗಿಲ ಕಡೆ ನೋಡುತ್ತಾರೆ. ಆಕೆ ಅಲ್ಲಿಂದಲೇ ಮೆಲ್ಲಗೆ ಉತ್ತರಿಸುತ್ತಾರೆ, ತಾಯಿ ಅದನ್ನು ಮತ್ತೆ ವೈದ್ಯರಿಗೆ ಹೇಳುತ್ತಾರೆ. ಅಷ್ಟರಲ್ಲಿ ಅಟೆಂಡರ್ ಬಂದು ‘ಒಬ್ಬರೇ ಇರಬೇಕು, ನೀವು ಹೊರಗೆ ನಡೀರಿ’ ಎನ್ನುತ್ತಾನೆ. ಹೊರಗೆ ಹೋಗುವವರು ಯಾರೆಂದು ಹೇಳಬೇಕಾಗಿಲ್ಲ. ಒಮ್ಮೆ ಹೀಗೆ ಹೊರಗೆ ಹೋದಾಕೆಯನ್ನು ಕಾರಿಡಾರಿನಲ್ಲಿ ಮಾತಾಡಿಸಿದೆ. ಎರಡು ತಿಂಗಳಿಂದ ಕೈ ಕಚ್ಚಿಕೊಳ್ಳುತ್ತಾನೆಂದು ಆ ಹುಡುಗನಿಗೆ ಮನಸ್ಸು ಶಾಂತಗೊಳಿಸುವ ಮಾತ್ರೆ ಬರೆದಿದ್ದರು. ಆಕೆ ಹೇಳಿದರು, ‘ಮುದ್ದೆಯಾದರೆ ಕಚ್ಚಿಕೊಳ್ಳುವುದಿಲ್ಲ, ರೊಟ್ಟಿಯಾದರೆ ಮಾತ್ರ.’ ಮುದ್ದೆಯನ್ನು ಅಗಿಯದೆ ನುಂಗುತ್ತಾರೆ, ರೊಟ್ಟಿಯನ್ನು ಅಗಿಯಬೇಕು. ದವಡೆಯ ಹಲ್ಲು ಕೊಳೆತಿತ್ತು.

ಆದ್ದರಿಂದ ನಿಮ್ಮ ತಮ್ಮನನ್ನು ಕರೆದುಕೊಂಡು ಹೋಗುವಾಗ ಆಕೆಯೂ ಬರಲಿ, ಒಳಗೆ ಬರಲಿ, ಕೂತು ಮಾತಾಡಲಿ. ‘ಇವನನ್ನು ಹೆಚ್ಚು ಬಲ್ಲವರು ಇವರು, ಇವರನ್ನೇ ಕೇಳಿ’ ಎಂದು ವೈದ್ಯರಿಗೆ ನೀವೇ ಹೇಳಿ. ಆ ಒಂದು ವಾಕ್ಯವನ್ನು ಅಮ್ಮನೂ ಕೇಳಿಸಿಕೊಳ್ಳುತ್ತಾರೆ.

ಅಮ್ಮನ ಬಗ್ಗೆ ಎರಡು ಮಾತು. ಇದುವರೆಗೆ ಬರೆದದ್ದನ್ನು ಅವರಿಗೆ ಓದಿ ಹೇಳಿ ತಪ್ಪು ತೋರಿಸಲು ಹೋಗಬೇಡಿ. ಮೇಲೆ ಹೇಳಿದ 2016ರ ಕಾಯ್ದೆ ಆರೈಕೆದಾರರು ಯಾರು ಎನ್ನುವಾಗ ಸಂಬಳ ಪಡೆಯುವವರನ್ನೂ ಪಡೆಯದವರನ್ನೂ, ತಂದೆತಾಯಿಯರನ್ನೂ ಮನೆಯವರನ್ನೂ ಒಂದೇ ಸಾಲಿನಲ್ಲಿ ಸೇರಿಸುತ್ತದೆ. ಆ ಲೆಕ್ಕದಲ್ಲಿ ನಿಮ್ಮ ಮನೆಯ ಹಿರಿಯ ಆರೈಕೆದಾರರು ಅಮ್ಮನೇ, ಸೇವೆ 36 ವರ್ಷ, ರಜೆ ಸೊನ್ನೆ. ಸಂಜೆ ಆರರಿಂದ ಮರುದಿನ ಎಂಟರವರೆಗೆ ಇಂದಿಗೂ ಅವರದೇ ಪಾಳಿ. ‘ಅವನು ಈಗ ಅವಳ ಮಾತನ್ನೇ ಕೇಳುತ್ತಾನೆ’ ಎಂಬುದು ಅವರ ಮನಸ್ಸಿನಲ್ಲಿ ಇರಲೂಬಹುದು. ಬಾಯಿಬಿಟ್ಟು ಹೇಳಲಾಗದ ಸಂಕಟ ಅದು, ಸೋಮಾರಿತನದ ದೂರಾಗಿ ಹೊರಬರುತ್ತದೆ. ಹತ್ತು ಸಲ ಗುಂಡಿ ಜಾರುವುದನ್ನು ಕಣ್ಣಾರೆ ನೋಡುವುದು ಹೆತ್ತವರಿಗೆ ಎಷ್ಟು ಕಷ್ಟ! ತನ್ನ ಕಾಲದ ನಂತರ ಮಗನ ಗತಿಯೇನು ಎಂಬ ಚಿಂತೆಯೂ ಇರುತ್ತದೆ. ಕಾನೂನುಬದ್ಧ ಪೋಷಕರನ್ನು ನೇಮಿಸುವ ಬಗ್ಗೆ ರಾಷ್ಟ್ರೀಯ ನ್ಯಾಸದ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕುವ ಮಾತನ್ನು ಈ ಸಲವೇ ತೆಗೆಯಿರಿ. ಅಮ್ಮನ ಎದೆಯ ಭಾರ ಸ್ವಲ್ಪ ಇಳಿದರೆ ಆಕೆಯ ಮೇಲಿನ ಸಿಡುಕೂ ಇಳಿಯುತ್ತದೆ.

ಇಬ್ಬರಿಗೂ ಬೇಕಾಗಿರುವುದು ಬಿಡುವು. ಅದನ್ನು ಕೊಡಬಲ್ಲವರು ನೀವು. ಆರು ತಿಂಗಳಿಗೊಮ್ಮೆ ಹತ್ತು ದಿನ ರಜೆ ಹಾಕಿ ಬನ್ನಿ, ಆಕೆಗೆ ಹತ್ತು ದಿನ ಸಂಬಳ ಸಹಿತ ರಜೆ ಕೊಡಿ. ಭಾನುವಾರದ ಅರ್ಧ ದಿನವನ್ನು ಪೂರ್ತಿ ಬಿಟ್ಟುಬಿಡಿ. ಆ ದಿನಕ್ಕೆ ಪಕ್ಕದ ಬೀದಿಯ ಯಾರಾದರೊಬ್ಬ ಹುಡುಗನನ್ನು ಗೊತ್ತುಮಾಡಿ, ಅವನಿಗೆ ಕೆಲಸ ಕಲಿಸುವವರು ಆಕೆಯೇ ಆಗಿರಲಿ, ಕಲಿಸಿದ್ದಕ್ಕೆ ಬೇರೆ ಹಣ ಕೊಡಿ. ನೀವು ಬರುವಾಗ ಎರಡು ದಿನ ಮೊದಲೇ ಬಂದು ಆಕೆಯ ಜೊತೆ ಇದ್ದು ಕಲಿಯಿರಿ. ಇನ್ನೂರು ಪುಟದ ನೋಟ್‌ಬುಕ್ ಒಂದನ್ನು ತನ್ನಿ. ಆಕೆ ಹೇಳಲಿ, ನೀವು ಬರೆದುಕೊಳ್ಳಿ. ಹಲ್ಲುಜ್ಜುವಾಗ ಎಲ್ಲಿ ಕೂಗುತ್ತಾನೆ, ಯಾವ ತಟ್ಟೆಯಾದರೆ ಉಣ್ಣುತ್ತಾನೆ, ‘ಬ್ಬಾ’ ಎಂದರೆ ಬಸ್ಸೋ ಬಾಳೆಹಣ್ಣೋ, ಕರೆಂಟ್ ಹೋದರೆ ಏನು ಮಾಡಬೇಕು. ಮೊದಲ ಪುಟದಲ್ಲಿ ‘ಹೇಳಿದವರು’ ಎಂದು ಆಕೆಯ ಪೂರ್ತಿ ಹೆಸರು ಬರೆಯಿರಿ. ಒಂದು ಪ್ರತಿ ಜೆರಾಕ್ಸ್ ಮಾಡಿಸಿ ಆಕೆಗೂ ಕೊಡಿ, ಅದು ಆಕೆಯ ವಿದ್ಯೆ. ಹಾಗೆಯೇ ಸ್ನಾನದ ಮನೆಗೆ ಹಿಡಿಯಲು ಒಂದು ಕಂಬಿ, ಕೂರಲು ಒಂದು ಪ್ಲಾಸ್ಟಿಕ್ ಸ್ಟೂಲ್ ಹಾಕಿಸಿ. 36 ವರ್ಷದ ಗಂಡಸನ್ನು ಎಬ್ಬಿಸಿ ಕೂರಿಸುವ ಬೆನ್ನು ಆಕೆಯದು, ಅದಕ್ಕೂ 44 ವರ್ಷ.

ಹಾಗೆ ನೋಡಿದರೆ ಆಕೆಗೆ ಮೆಚ್ಚುಗೆ ಹೇಳಬೇಕಾದವರ ಪಟ್ಟಿಯಲ್ಲಿ ಮೊದಲ ಹೆಸರು ನಿಮ್ಮ ತಮ್ಮನದು. ಅವನನ್ನು ಕೇಳಿದ್ದೀರಾ? ಬೌದ್ಧಿಕ ಅಂಗವೈಕಲ್ಯವಿರುವ ವಯಸ್ಕರನ್ನು ನಾವು ಎಷ್ಟು ವಯಸ್ಸಾದರೂ ಮಕ್ಕಳೆಂದೇ ತಿಳಿಯುತ್ತೇವೆ, ಅವರ ಪರವಾಗಿ ಥ್ಯಾಂಕ್ಸ್ ಕೂಡ ನಾವೇ ಹೇಳುತ್ತೇವೆ. ನನಗೆ ಗೊತ್ತಿದ್ದ ಒಬ್ಬರಿಗೆ ಆಗ 41 ವಯಸ್ಸು, ನಾಲ್ಕೈದು ಪದಗಳಿಗಿಂತ ಹೆಚ್ಚು ಮಾತಿರಲಿಲ್ಲ. ತಮ್ಮನ್ನು ನೋಡಿಕೊಳ್ಳುವಾಕೆಗೆ ಏನು ಕೊಡುತ್ತೀರಿ ಎಂದು ಸೀರೆ, ಬಳೆ, ಹೂವು, ಕಾಫಿ ಲೋಟದ ಚಿತ್ರಗಳನ್ನು ಮುಂದಿಟ್ಟಾಗ ಲೋಟದ ಮೇಲೆ ಬೆರಳಿಟ್ಟರು. ಅವರು ಕಾಫಿ ಕಲಸಿಕೊಂಡು ತರುವಷ್ಟರಲ್ಲಿ ಅರ್ಧ ತಟ್ಟೆಗೆ ಚೆಲ್ಲಿತ್ತು. ಆಕೆ ಎದ್ದು ಇಸಿದುಕೊಳ್ಳಲು ಹೋದರೆ ‘ಕೂತ್ಕೋ’ ಎಂದು ಗದರಿಸಿದರು. ಹಾಲ್‌ನಲ್ಲಿ, ಸೋಫಾದ ಮೇಲೆ ಕೂತು ಕುಡಿದರು ಆಕೆ. ಕುಡಿದು ಮುಗಿಯುವವರೆಗೆ ಇವರು ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಸಕ್ಕರೆ ಹಾಕಿರಲಿಲ್ಲ ಎಂದು ಆಕೆ ನನಗೆ ಆಮೇಲೆ ಹೇಳಿದರು. ಆ ಮನೆಯಲ್ಲಿ ಏಳು ವರ್ಷ ಇದ್ದ ಆಕೆ ಆ ಸೋಫಾದ ಮೇಲೆ ಕೂತದ್ದು ಅದೇ ಮೊದಲಂತೆ.

ಇಷ್ಟೆಲ್ಲ ಮಾಡಿದರೂ ಆಕೆ ಗಾರ್ಮೆಂಟ್ಸ್‌ಗೆ ಹೋಗುತ್ತೇನೆ ಎಂದರೆ? ಹೋಗಲಿ. ‘ಇಷ್ಟು ಮಾಡಿದೆವಲ್ಲ’ ಎಂಬ ಮಾತು ಮಾತ್ರ ನಿಮ್ಮಲ್ಲಿ ಯಾರ ಬಾಯಿಂದಲೂ ಬರದಿರಲಿ. ಕೊಟ್ಟ ಹಣ ಹತ್ತು ವರ್ಷದ ಹಿಂದಿನ ಬಾಕಿ, ಮುಂದಿನ ಹತ್ತು ವರ್ಷಕ್ಕೆ ಮುಂಗಡವಾಗಿ ಕೊಟ್ಟದ್ದಲ್ಲ. ಏನೇನು ಕೆಲಸ ಮಾಡುತ್ತಿದ್ದರು ಎಂದು ವಿವರವಾಗಿ ಬರೆದ ಸೇವಾ ಪತ್ರ ಕೊಡಿ. ಸಾಧ್ಯವಾದರೆ ಒಂದು ತಿಂಗಳು ಹೊಸಬರ ಜೊತೆಗಿದ್ದು ಒಪ್ಪಿಸಿ ಹೋಗಲು ಕೇಳಿಕೊಳ್ಳಿ. ತಮ್ಮನಿಗೆ ‘ಊರಿಗೆ ಹೋಗಿದ್ದಾಳೆ, ನಾಳೆ ಬರುತ್ತಾಳೆ’ ಎಂದು ಸುಳ್ಳು ಹೇಳಬೇಡಿ. ಆ ನಾಳೆಗಾಗಿ ತಿಂಗಳುಗಟ್ಟಲೆ ಗೇಟಿನ ಬಳಿ ನಿಂತು ಕಾದವರನ್ನು ನಾನು ನೋಡಿದ್ದೇನೆ. ಕ್ಯಾಲೆಂಡರಿನಲ್ಲಿ ಕಡೆಯ ದಿನಕ್ಕೆ ಸುತ್ತು ಹಾಕಿ, ದಿನಾ ಒಂದೊಂದು ಮನೆ ಅವನೇ ಹೊಡೆದುಹಾಕಲಿ. ಹೋಗುವ ದಿನ ಆಕೆಯೇ ಹೇಳಿ ಹೋಗಲಿ, ಅವನು ಅತ್ತರೆ ಅಳಲಿ. ಆಮೇಲೂ ಭಾನುವಾರಕ್ಕೊಮ್ಮೆ ಫೋನಿನಲ್ಲಿ ಮುಖ ತೋರಿಸಲು ಆಕೆ ಒಪ್ಪಿದರೆ ಒಳ್ಳೆಯದು. ಸೀರೆಯ ಬಣ್ಣ ಯಾವುದು ಬೇಕೆಂದು ಆಕೆಯನ್ನೇ ಅಂಗಡಿಗೆ ಕರೆದೊಯ್ದು ಕೇಳಿ. ನೆಂಟರ ಮುಂದೆ ಶಾಲು ಹೊದಿಸಿಕೊಳ್ಳಲು ಇಷ್ಟವಿದೆಯೇ ಎಂಬುದನ್ನೂ ಕೇಳಿ. ಎಷ್ಟೋ ಜನಕ್ಕೆ ಅದು ಮುಜುಗರ.

ಇವೆಲ್ಲಕ್ಕೂ ದೀಪಾವಳಿಯವರೆಗೆ ಸಮಯವಿದೆ, ಸ್ನಾನದ ವಿಷಯಕ್ಕೆ ಇಲ್ಲ. ಇಂದು ಸಂಜೆ ಆರು ಗಂಟೆ ಕಳೆದ ಮೇಲೆ, ಆಕೆ ತಮ್ಮ ಮನೆ ಸೇರಿ ಕೈಕಾಲು ತೊಳೆದುಕೊಳ್ಳುವಷ್ಟು ಹೊತ್ತು ಬಿಟ್ಟು ಫೋನ್ ಮಾಡಿ. ಹೆದರಿಕೆ ಯಾವಾಗ ಶುರುವಾಯಿತು, ಬಾಗಿಲಲ್ಲೇ ನಿಲ್ಲುತ್ತಾನೋ ನೀರು ಕಂಡ ಮೇಲೋ, ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುತ್ತಾನೆಯೇ, ಹಗಲು ನಿದ್ದೆ ಹೆಚ್ಚಾಗಿದೆಯೇ ಎಂದು ಕೇಳಿ ಬರೆದುಕೊಳ್ಳಿ. ಈ ವಾರವೇ ಥೈರಾಯ್ಡ್ ರಕ್ತಪರೀಕ್ಷೆ ಮತ್ತು ಕಣ್ಣಿನ ತಪಾಸಣೆ ಮಾಡಿಸಿ. ಕಿವಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಸರಿ, ಹಾಸನದಿಂದ ಬಸ್ಸಿನಲ್ಲಿ ಹೋಗಿಬರಬಹುದು. ಆ ದಿನ ಆಕೆ ಜೊತೆಗೆ ಬರುವುದಾದರೆ ಕಿಟಕಿ ಪಕ್ಕದ ಸೀಟು ಯಾರಿಗೆ ಎಂಬುದನ್ನು ಅವರಿಬ್ಬರಿಗೇ ಬಿಡಿ.